ಫೈಟರ್‌ಗೆ ಇನ್ನೂ ದೊಡ್ಡ ಕತ್ತಿ ಕೊಟ್ಟರೆ ಸಾಲದು

ಪಾತ್ರ ವಹಿಸಿ ದಾಳ ಎಸೆದು ಆಡುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟದಲ್ಲಿ ತಂಡ ಐದನೇ ಲೆವೆಲ್, ಅಂದರೆ ಬೆಳವಣಿಗೆಯ ಐದನೇ ಹಂತ, ಮುಟ್ಟಿತು ಎಂದರೆ ಒಂದು ಗೊಣಗಾಟ ಶುರುವಾಗುವುದು ಹೆಚ್ಚುಕಡಿಮೆ ಖಾತ್ರಿ. ಮಾಂತ್ರಿಕ ಪಾತ್ರವಾದ ವಿಝರ್ಡ್ ಕೈಗೆ ಹಲವರನ್ನು ಒಟ್ಟಿಗೆ ಸುಡುವ ಫೈರ್‌ಬಾಲ್ ಮಂತ್ರ ಬಂದಿರುತ್ತದೆ. ಯೋಧನ ಪಾತ್ರವಾದ ಫೈಟರ್ ಆಡುತ್ತಿರುವವರು ‘ಇವರಿದ್ದ ಮೇಲೆ ನಾನ್ಯಾಕೆ?’ ಎನ್ನುತ್ತಾರೆ. ಜಿಎಂ, ಅಂದರೆ ಆಟ ನಡೆಸುವವರು, ಮುಂದಿನ ಗುಹೆಯಲ್ಲಿ ಒಂದು +2 ಕತ್ತಿ (ತಾಗುವುದಕ್ಕೂ ಪೆಟ್ಟಿಗೂ ಎರಡೆರಡು ಅಂಕ ಕೂಡಿಸುವ ಮಾಂತ್ರಿಕ ಕತ್ತಿ) ಸಿಗುವ ಹಾಗೆ ಮಾಡುತ್ತಾರೆ. ಒಂದಷ್ಟು ದಿನ ಎಲ್ಲರೂ ಖುಷಿ. ಆಮೇಲೆ ಗೊಣಗಾಟ ಮತ್ತೆ ಬರುತ್ತದೆ, ಈ ಸಲ ಕಳ್ಳನ ಪಾತ್ರವಾದ ರೋಗ್ ಆಡುವವರ ದನಿಯೂ ಸೇರಿಕೊಂಡು.

ಕತ್ತಿ ಕೊಟ್ಟಿದ್ದರಲ್ಲಿ ಕೆಟ್ಟ ಉದ್ದೇಶವೇನೂ ಇಲ್ಲ. ನೋವಿದ್ದ ಜಾಗಕ್ಕೆ ಮದ್ದು ಬೀಳಲಿಲ್ಲ, ಅಷ್ಟೆ. ಪಾತ್ರದ ಬಲ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದರೊಳಗೆ ಮೂರು ಬೇರೆ ಬೇರೆ ಸಂಗತಿಗಳಿವೆ. ಒಂದು ಸುತ್ತಿನಲ್ಲಿ ಎಷ್ಟು ಪೆಟ್ಟು ಕೊಡಬಲ್ಲದು ಎನ್ನುವುದು ಮೊದಲನೆಯದು. ಅದನ್ನು ದಿನಕ್ಕೆ ಎಷ್ಟು ಬಾರಿ ಮಾಡಬಲ್ಲದು ಎನ್ನುವುದು ಎರಡನೆಯದು. ಎಷ್ಟು ಬಗೆಯ ತೊಡಕುಗಳಿಗೆ ಅದರ ಹತ್ತಿರ ಉತ್ತರವಿದೆ ಎನ್ನುವುದು ಮೂರನೆಯದು. ಇದನ್ನು ಹರವು ಎನ್ನೋಣ. ಜಿಎಂಗಳು ಮೊದಲನೆಯದನ್ನೇ ತಿದ್ದುತ್ತಾ ಕೂರುತ್ತಾರೆ, ಯಾಕೆಂದರೆ ಪಾತ್ರದ ಹಾಳೆಯ ಮೇಲೆ ಅಂಕಿಯಾಗಿ ಕಣ್ಣಿಗೆ ಬೀಳುವುದು ಅದೊಂದೇ. ತೊಂದರೆ ಮಾತ್ರ ಎರಡನೆಯದರಲ್ಲಿ, ಅದಕ್ಕಿಂತ ಹೆಚ್ಚಾಗಿ ಮೂರನೆಯದರಲ್ಲಿ ಕೂತಿರುತ್ತದೆ.

ಪೆಟ್ಟು ಮತ್ತು ಬಾರಿ

ಮೊದಲು ಲೆಕ್ಕ ಹಾಕಿಬಿಡೋಣ. ಐದನೇ ಆವೃತ್ತಿಯ 2014ರ ನಿಯಮಗಳನ್ನು ತೆಗೆದುಕೊಳ್ಳಿ. ಐದನೇ ಲೆವೆಲ್ ಫೈಟರ್, ಸ್ಟ್ರೆಂತ್ 18, ಕೈಯಲ್ಲಿ ಗ್ರೇಟ್‌ಸ್ವೋರ್ಡ್. ಹೊಡೆತದ ಬೋನಸ್, ಅಂದರೆ ದಾಳಕ್ಕೆ ಕೂಡಿಸುವ ಅಂಕ, +7. ಎದುರಾಳಿಯ ಆರ್ಮರ್ ಕ್ಲಾಸ್ (ಹೊಡೆತ ತಾಗಲು ಮುಟ್ಟಬೇಕಾದ ಅಂಕಿ) 15 ಎಂದಾದರೆ ಇಪ್ಪತ್ತು ಮುಖದ ದಾಳದಲ್ಲಿ 8 ಅಥವಾ ಹೆಚ್ಚು ಬೀಳಬೇಕು, ಅಂದರೆ 65%. ಒಂದು ಹೊಡೆತಕ್ಕೆ 2ಡಿ6+4 (ಎರಡು ಆರು ಮುಖದ ದಾಳ, ಜೊತೆಗೆ 4), ಸರಾಸರಿ 11. ಐದನೇ ಲೆವೆಲ್‌ನಲ್ಲಿ ಪ್ರತಿ ಸುತ್ತಿನಲ್ಲಿ ಎರಡು ಹೊಡೆತ. ಕ್ರಿಟಿಕಲ್ (20 ಬಿದ್ದಾಗ ಪೆಟ್ಟಿನ ದಾಳ ಇಮ್ಮಡಿ) ಸೇರಿಸಿದರೆ ಸುತ್ತಿಗೆ ಸುಮಾರು 15.

ಅದೇ ಲೆವೆಲ್‌ನ ವಿಝರ್ಡ್‌ನ ಫೈರ್‌ಬಾಲ್ 8ಡಿ6, ಸರಾಸರಿ 28. ಸೇವ್ ಎಂದರೆ ಎದುರಾಳಿ ತಪ್ಪಿಸಿಕೊಳ್ಳಲು ಎಸೆಯುವ ದಾಳ, ಡಿಸಿ ಎಂದರೆ ಗೆಲ್ಲಲು ಮುಟ್ಟಬೇಕಾದ ಅಂಕಿ. ಸೇವ್ ಡಿಸಿ 15, ಎದುರಾಳಿಯ ಡೆಕ್ಸ್ಟೆರಿಟಿ ಸೇವ್ +2 ಎಂದಿಟ್ಟುಕೊಂಡರೆ ನೂರರಲ್ಲಿ ನಲವತ್ತು ಸಲ ಅರ್ಧ ಪೆಟ್ಟು ಮಾತ್ರ. ತಲೆಗೆ 22.4 ಬಂತು. ಮೂವರು ಸಿಕ್ಕಿಬಿದ್ದರೆ 67. ಮಂತ್ರ ಮುಗಿದ ಮೇಲೆ ಎಷ್ಟು ಸಲವಾದರೂ ಹಾಕಬಹುದಾದ ಫೈರ್ ಬೋಲ್ಟ್ ಕ್ಯಾಂಟ್ರಿಪ್: 2ಡಿ10, ತಾಗುವ ಸಾಧ್ಯತೆ ಮತ್ತು ಕ್ರಿಟಿಕಲ್ ಎಲ್ಲ ಸೇರಿ ಸುತ್ತಿಗೆ 7.7. (ಫೈರ್‌ಬಾಲ್ ತನ್ನ ಮಟ್ಟಕ್ಕೆ ಮೀರಿದ ಮಂತ್ರ ಎನ್ನುವುದು ಗುಟ್ಟೇನಲ್ಲ. ಹೊಸ ಮಂತ್ರ ರಚಿಸುವವರಿಗಾಗಿ ಡಂಜನ್ ಮಾಸ್ಟರ್ಸ್ ಗೈಡ್ ಕೊಟ್ಟಿರುವ ಕೋಷ್ಟಕದಲ್ಲಿ, ಹಲವರಿಗೆ ತಾಗುವ ಮೂರನೇ ಮಟ್ಟದ ಮಂತ್ರಕ್ಕೆ 6ಡಿ6 ಎಂದಿದೆ.)

ಈಗ ಇದನ್ನು ದಿನದ ಮೇಲೆ ಹರಡಿ. ದಿನಕ್ಕೆ ಒಂದೇ ಕಾಳಗ, ಅದೂ ನಾಲ್ಕು ಸುತ್ತು ಎಂದುಕೊಳ್ಳಿ. ವಿಝರ್ಡ್ ಎರಡು ಫೈರ್‌ಬಾಲ್, ಎರಡು ಬೋಲ್ಟ್ ಎಸೆದು ಒಟ್ಟು 150 ಮಾಡುತ್ತದೆ. ಫೈಟರ್ ನಾಲ್ಕು ಸುತ್ತಿನಲ್ಲಿ 60, ಒಂದು ಸುತ್ತಿನಲ್ಲಿ ಇಮ್ಮಡಿ ಹೊಡೆತ ಕೊಡುವ ಆ್ಯಕ್ಷನ್ ಸರ್ಜ್ ಸೇರಿಸಿದರೆ 75. ಸರಿಯಾಗಿ ಅರ್ಧ. ಅದೇ ದಿನದಲ್ಲಿ ಐದು ಕಾಳಗ, ಒಟ್ಟು ಇಪ್ಪತ್ತು ಸುತ್ತು, ನಡುವೆ ಎರಡು ಶಾರ್ಟ್ ರೆಸ್ಟ್ (ಚಿಕ್ಕ ವಿಶ್ರಾಂತಿ) ಇದ್ದರೆ? ಆರ್ಕೇನ್ ರಿಕವರಿಯಿಂದ ಮರಳಿ ಬಂದದ್ದೂ ಸೇರಿ ವಿಝರ್ಡ್‌ಗೆ ಮೂರು ಫೈರ್‌ಬಾಲ್, ಉಳಿದ ಹದಿನೇಳು ಸುತ್ತು ಬೋಲ್ಟ್: 332. ಫೈಟರ್‌ಗೆ 300, ಮೂರು ಆ್ಯಕ್ಷನ್ ಸರ್ಜ್‌ನಿಂದ ಇನ್ನೂ 45: 345. ಸಣ್ಣ ಸ್ಲಾಟ್‌ಗಳನ್ನು (ದಿನಕ್ಕೆ ಇಷ್ಟೇ ಎಂದಿರುವ ಮಂತ್ರದ ಅವಕಾಶಗಳನ್ನು) ನಾನು ಇಲ್ಲಿ ಎಣಿಸಿಲ್ಲ, ಅವು ಹೆಚ್ಚಾಗಿ ಶೀಲ್ಡ್, ಮಿಸ್ಟಿ ಸ್ಟೆಪ್‌ನಂಥ ಜೀವ ಉಳಿಸಿಕೊಳ್ಳುವ ಮಂತ್ರಗಳಿಗೆ ಹೋಗುತ್ತವೆ. ಪಾತ್ರಗಳು ಅವೇ, ಅಂಕಿಗಳು ಅವೇ. ದಿನದ ಉದ್ದ ಬದಲಾದದ್ದಕ್ಕೆ ಒಂದು ಕಡೆ ಇಮ್ಮಡಿ ಅಂತರ, ಇನ್ನೊಂದು ಕಡೆ ಸರಿಸಮ.

2014ರ ಡಂಜನ್ ಮಾಸ್ಟರ್ಸ್ ಗೈಡ್ ಪುಸ್ತಕವೇ ದಿನಕ್ಕೆ ಆರರಿಂದ ಎಂಟು ಮಧ್ಯಮ ಅಥವಾ ಕಠಿಣ ಕಾಳಗ ಮತ್ತು ಎರಡು ಶಾರ್ಟ್ ರೆಸ್ಟ್ ಎಂದು ಊಹಿಸಿಕೊಂಡು ಲೆಕ್ಕ ಕಟ್ಟಿದೆ. ಮೂರು ಗಂಟೆಯ ಸೆಷನ್‌ನಲ್ಲಿ ಒಂದೋ ಎರಡೋ ಕಾಳಗ ಮುಗಿಯುವುದೇ ಹೆಚ್ಚು. ಸೆಷನ್ ಮುಗಿದಾಗಲೆಲ್ಲ ಪಾತ್ರಗಳೂ ಮಲಗಿ ಎದ್ದರೆ ದಿನನಿತ್ಯದ ಸ್ಲಾಟ್‌ಗಳನ್ನು ನಂಬಿದ ಕ್ಲಾಸ್‌ಗಳಿಗೆ (ವಿಝರ್ಡ್‌ನಂಥ ಪಾತ್ರದ ಬಗೆಗಳಿಗೆ) ಹಬ್ಬ. ಹಾಗಾಗಿ ಮೊದಲು ಮುರಿಯಬೇಕಾದ ಅಭ್ಯಾಸ ಇದು: ಸೆಷನ್‌ನ ಕೊನೆ ಬೇರೆ, ದಿನದ ಕೊನೆ ಬೇರೆ. ಆಟ ನಿಲ್ಲಿಸುವಾಗ ಉಳಿದ ಹಿಟ್ ಪಾಯಿಂಟ್ (ಪಾತ್ರ ಇನ್ನು ತಾಳಬಲ್ಲ ಪೆಟ್ಟು), ಸ್ಲಾಟ್ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಅಲ್ಲಿಂದಲೇ ಶುರು.

ಅದೂ ಸಾಲದಿದ್ದರೆ ವಿಶ್ರಾಂತಿಯ ಗಡಿಯಾರವನ್ನೇ ಬದಲಿಸಬಹುದು. ಶಾರ್ಟ್ ರೆಸ್ಟ್‌ಗೆ ಎಂಟು ಗಂಟೆ, ಲಾಂಗ್ ರೆಸ್ಟ್‌ಗೆ ಏಳು ದಿನ ಎನ್ನುವ ಪರ್ಯಾಯ ನಿಯಮ ಪುಸ್ತಕದಲ್ಲೇ ಇದೆ. ಪ್ರಯಾಣ, ರಾಜಕೀಯ ಹೆಚ್ಚಿರುವ ಕ್ಯಾಂಪೇನ್‌ಗೆ (ಹಲವು ಸೆಷನ್ ಸಾಗುವ ಕಥೆಗೆ) ಇದು ಚೆನ್ನಾಗಿ ಹೊಂದುತ್ತದೆ. ಎಡವುವುದು ಎಲ್ಲಿ ಎಂದರೆ ಮಂತ್ರಗಳ ಅವಧಿಯಲ್ಲಿ. ಎಂಟು ಗಂಟೆ ನಿಲ್ಲುವ ಮೇಜ್ ಆರ್ಮರ್, ವಾರಕ್ಕೊಮ್ಮೆ ಸ್ಲಾಟ್ ತುಂಬುವ ಆಟದಲ್ಲಿ ಯಾರಿಗೂ ಬೇಡದ ಮಂತ್ರವಾಗಿಬಿಡುತ್ತದೆ. ಗಂಟೆಗಳಲ್ಲಿ ಅಳೆಯುವ ಅವಧಿಗಳನ್ನೂ ಅದೇ ಪ್ರಮಾಣದಲ್ಲಿ ಹಿಗ್ಗಿಸಬೇಕು. 2013ರಲ್ಲಿ ಬಂದ ಥರ್ಟೀನ್ತ್ ಏಜ್ ಎಂಬ ಇದೇ ಬಗೆಯ ಆಟ ಈ ಗಂಟನ್ನು ಇನ್ನೂ ನೇರವಾಗಿ ಕತ್ತರಿಸಿತು: ಮಲಗಿದ್ದಕ್ಕೆ ಪೂರ್ತಿ ಚೇತರಿಕೆ ಸಿಗುವುದಿಲ್ಲ, ಸುಮಾರು ನಾಲ್ಕು ಕಾಳಗ ಮುಗಿದ ಮೇಲೆ ಸಿಗುತ್ತದೆ. ಅದಕ್ಕೂ ಮೊದಲೇ ಬೇಕೆಂದರೆ ಕಥೆಯಲ್ಲಿ ಏನಾದರೂ ಕಳೆದುಕೊಳ್ಳಬೇಕು. ಕೃತಕ ಎನಿಸಬಹುದು. ಆದರೆ ಪ್ರತಿ ರಾತ್ರಿ ಬಿಡಾರದ ಮೇಲೆ ತೋಳಗಳನ್ನು ನುಗ್ಗಿಸಿ ನಿದ್ದೆ ಕೆಡಿಸುವುದಕ್ಕಿಂತ ಈ ಪ್ರಾಮಾಣಿಕತೆ ಎಷ್ಟೋ ಮೇಲು.

ಹಳೆಯ ತಲೆನೋವು, ಹಳೆಯ ಮದ್ದುಗಳು

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಈ ಆಟವನ್ನು ಹೊರತಂದಾಗಿನಿಂದ ಈ ಪ್ರಶ್ನೆ ಜೊತೆಗೇ ಇದೆ. 1981ರ ಬೇಸಿಕ್ ನಿಯಮಗಳಲ್ಲಿ ಎರಡನೇ ಲೆವೆಲ್ ತಲುಪಲು ಥೀಫ್‌ಗೆ 1200, ಕ್ಲೆರಿಕ್‌ಗೆ 1500, ಫೈಟರ್‌ಗೆ 2000, ಮ್ಯಾಜಿಕ್-ಯೂಸರ್‌ಗೆ 2500, ಎಲ್ಫ್‌ಗೆ 4000 ಅನುಭವ ಅಂಕ ಬೇಕಿತ್ತು. ಒಂದೇ ಲೆವೆಲ್ ಎಂದರೆ ಒಂದೇ ಬಲ ಎಂದು ಆ ಆಟ ಹೇಳಿಕೊಂಡೇ ಇರಲಿಲ್ಲ. ಮೊದಲ ಲೆವೆಲ್ ಮ್ಯಾಜಿಕ್-ಯೂಸರ್‌ಗೆ ಹಿಟ್ ಪಾಯಿಂಟ್ ಎಂದರೆ ಒಂದು ನಾಲ್ಕು ಮುಖದ ದಾಳ, ಮಂತ್ರ ದಿನಕ್ಕೆ ಒಂದು. ಬದುಕಿ ಉಳಿದರೆ ಮುಂದೆ ಬೆಟ್ಟದಷ್ಟು ಬಲ. ಇದು ಇಡೀ ಕ್ಯಾಂಪೇನ್‌ನ ಉದ್ದಕ್ಕೂ ಹಂಚಿದ ಸಮತೋಲನ. ವರ್ಷಗಟ್ಟಲೆ ಆಡುವವರಿಗೆ ಹೊಂದೀತು, ಆರು ತಿಂಗಳಲ್ಲಿ ಮುಗಿಯುವ ಆಟದಲ್ಲಿ ಯಾರಾದರೊಬ್ಬರು ತಮ್ಮ ಪಾಲಿನ ಒಳ್ಳೆಯ ಕಾಲ ನೋಡದೆಯೇ ಹೋಗುತ್ತಾರೆ.

2000ದ ಮೂರನೇ ಆವೃತ್ತಿ ಎಲ್ಲರಿಗೂ ಒಂದೇ ಅನುಭವ ಕೋಷ್ಟಕ ಕೊಟ್ಟಿತು. ಮಂತ್ರಗಳ ಬೆಳವಣಿಗೆಯನ್ನು ಮಾತ್ರ ಇದ್ದ ಹಾಗೇ ಬಿಟ್ಟಿತು. ಫಲ ಎಲ್ಲರಿಗೂ ಗೊತ್ತಿರುವುದೇ: ಫೈಟರ್ ಮೆಟ್ಟಿಲು ಮೆಟ್ಟಿಲಾಗಿ ಏರಿದರೆ, ವಿಝರ್ಡ್‌ಗೆ ಪ್ರತಿ ಲೆವೆಲ್‌ನಲ್ಲಿ ಮಂತ್ರಗಳ ಸಂಖ್ಯೆ, ಒಂದೊಂದರ ಪೆಟ್ಟು, ಬಗೆ ಮೂರೂ ಒಟ್ಟಿಗೆ ಬೆಳೆದು ಒಂದನ್ನೊಂದು ಗುಣಿಸಿಕೊಳ್ಳುತ್ತವೆ. 2008ರ ನಾಲ್ಕನೇ ಆವೃತ್ತಿ ಎಲ್ಲ ಕ್ಲಾಸ್‌ಗಳಿಗೂ ಒಂದೇ ಚೌಕಟ್ಟು ಹಾಕಿತು. ಸದಾ ಬಳಸಬಹುದಾದ ಶಕ್ತಿಗಳು, ಕಾಳಗಕ್ಕೊಮ್ಮೆ ಬಳಸುವವು, ದಿನಕ್ಕೊಮ್ಮೆ ಬಳಸುವವು. ಅಂಕಿಯ ಮಟ್ಟಿಗೆ ಅದರಷ್ಟು ಸಮತೋಲನದ ಆವೃತ್ತಿ ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ. ಆದರೆ ಕತ್ತಿ ಬೀಸುವುದೂ ಮಂತ್ರ ಹಾಕುವುದೂ ಕೈಗೆ ಒಂದೇ ತರಹ ತಾಗತೊಡಗಿದಾಗ ಬಹಳ ಮಂದಿ ಮುಖ ತಿರುಗಿಸಿದರು. ಭಿನ್ನತೆಯನ್ನು ಕೊಂದು ಪಡೆದ ಸಮತೋಲನಕ್ಕೆ ಬೆಲೆ ಸಿಗುವುದಿಲ್ಲ.

ಹರವು ಎಂಬ ನಿಜವಾದ ತೊಡಕು

ತಂಡದ ಎದುರು ಒಂದು ಕಡಿದಾದ ಬಂಡೆ. ವಿಝರ್ಡ್ ಫ್ಲೈ ಹಾಕಿಕೊಂಡು ಹಾರುತ್ತದೆ. ಹತ್ತು ನಿಮಿಷ, ಸುತ್ತಿಗೆ 60 ಅಡಿ, ದಾಳ ಎಸೆಯುವ ಮಾತೇ ಇಲ್ಲ. ಅಥ್ಲೆಟಿಕ್ಸ್ +7 ಇರುವ ಫೈಟರ್‌ಗೆ ಡಿಸಿ 15 ಎದುರು 65% ಅವಕಾಶ. ಪರವಾಗಿಲ್ಲ ಎನಿಸುತ್ತದೆಯೇ? ‘ಬಂಡೆ ಎತ್ತರವಾಗಿದೆ, ಮೂರು ಸಲ ಎಸೆಯಿರಿ’ ಎಂದು ಜಿಎಂ ಹೇಳಿದ ಕ್ಷಣ ಆ 65% ಇಳಿದು 27% ಆಗುತ್ತದೆ. ಕದ್ದು ಒಳನುಗ್ಗುವ ರೋಗ್‌ಗೂ ಇದೇ ಗತಿ. ಪ್ರತಿ ಬಾಗಿಲಿಗೆ ಒಂದು ಸ್ಟೆಲ್ತ್ (ಸದ್ದಿಲ್ಲದೆ ನುಸುಳುವ) ಎಸೆತ ಕೇಳಿದರೆ ಎಷ್ಟು ಪಳಗಿದ ಕಳ್ಳನೂ ನಾಲ್ಕನೇ ಬಾಗಿಲಲ್ಲಿ ಸಿಕ್ಕಿಬೀಳುತ್ತಾನೆ. ನಿಯಮ ಪುಸ್ತಕದಲ್ಲಿ ಎಲ್ಲೂ ಬರೆಯದ, ಜಿಎಂ ಅಭ್ಯಾಸದಿಂದಲೇ ಹುಟ್ಟುವ ಅಸಮತೋಲನ ಇದು. ಸಿಕ್ಕಾಪಟ್ಟೆ ಸಾಮಾನ್ಯವೂ ಹೌದು.

ಇದಕ್ಕೆ ಒಂದು ಅಡಚಣೆಗೆ ಒಂದೇ ಎಸೆತ ಎನ್ನುವ ಶಿಸ್ತು ಬೇಕು. ಆ ಫಲ ಇಡೀ ಅಡಚಣೆಗೆ ಅನ್ವಯ. ಬೋನಸ್‌ಗೆ ಹತ್ತು ಕೂಡಿಸಿದರೆ ಡಿಸಿ ದಾಟುತ್ತದೆ ಮತ್ತು ತಲೆಯ ಮೇಲೆ ಗಡುವಿಲ್ಲ ಎಂದಾದರೆ ಎಸೆಯುವುದೇ ಬೇಡ, +7ರ ಫೈಟರ್ ಡಿಸಿ 15ರ ಬಂಡೆಯನ್ನು ಸುಮ್ಮನೆ ಹತ್ತಿಬಿಡಲಿ. ಸೋತಾಗಲೂ ‘ಬಿದ್ದೆ’ ಎನ್ನುವ ಬದಲು ಹತ್ತಿದ್ದಾಯಿತು, ಆದರೆ ಹಗ್ಗ ಹೋಯಿತು, ಸದ್ದಾಯಿತು, ಹೊತ್ತಾಯಿತು ಎಂದರೆ ಆಟ ಮುಂದೆ ಸಾಗುತ್ತದೆ. ಮಂತ್ರಕ್ಕೆ ಸಿಗುವ ಖಾತ್ರಿ ಕೌಶಲಕ್ಕೂ ಒಂದಿಷ್ಟು ಸಿಗಬೇಕು, ಅಷ್ಟೇ ವಿಷಯ.

ಇನ್ನೊಂದು ದಿಕ್ಕಿನಿಂದಲೂ ಬರಬಹುದು. ಹರವಿಗೆ ಬೆಲೆ ಕಟ್ಟುವುದು. ಐದನೇ ಆವೃತ್ತಿಯ ನಾಕ್ ಮಂತ್ರ ಯಾವ ಬೀಗವನ್ನಾದರೂ ತೆಗೆಯುತ್ತದೆ, ಆದರೆ ಆ ಸದ್ದು 300 ಅಡಿ ದೂರ ಕೇಳಿಸುತ್ತದೆ. ಎಷ್ಟು ಜಾಣತನದ ಷರತ್ತು ನೋಡಿ! ರೋಗ್‌ನ ಕೆಲಸವನ್ನು ಮಂತ್ರ ಮಾಡಬಲ್ಲದು, ಆದರೆ ಸದ್ದಿಲ್ಲದೆ ಮಾಡಬಲ್ಲದ್ದು ರೋಗ್ ಮಾತ್ರ. ಹೊಸ ಮಂತ್ರ ಅಥವಾ ಮಾಂತ್ರಿಕ ವಸ್ತು ರಚಿಸುವಾಗ ಇದೇ ಮಾದರಿ ಹಿಡಿಯಿರಿ. ಬೇರೊಂದು ಕ್ಲಾಸ್‌ನ ಕೆಲಸಕ್ಕೆ ಕೈ ಹಾಕುವ ಯಾವುದಕ್ಕೂ ಆ ಕ್ಲಾಸ್‌ಗಿಲ್ಲದ ಒಂದು ತೊಂದರೆ ಅಂಟಿರಲಿ.

ಯಾವ ಮಂತ್ರವನ್ನಾದರೂ ನಿಷೇಧಿಸುವ ಮುನ್ನ ಅದರ ಈಗಿರುವ ಮಿತಿಗಳೆಲ್ಲ ನಿಮ್ಮ ಮೇಜಿನಲ್ಲಿ ಜಾರಿಯಲ್ಲಿವೆಯೇ ನೋಡಿ. ಫ್ಲೈ, ಇನ್‌ವಿಸಿಬಿಲಿಟಿ ಎರಡಕ್ಕೂ ಕಾನ್ಸಂಟ್ರೇಷನ್ ಬೇಕು, ಒಬ್ಬರೇ ಒಟ್ಟಿಗೆ ಎರಡನ್ನೂ ನಡೆಸಲಾಗದು. ಪೆಟ್ಟು ಬಿದ್ದಾಗ ಡಿಸಿ 10 ಅಥವಾ ಪೆಟ್ಟಿನ ಅರ್ಧ, ಯಾವುದು ಹೆಚ್ಚೋ ಅದರೆದುರು ಕಾನ್‌ಸ್ಟಿಟ್ಯೂಷನ್ ಸೇವ್ ಮಾಡಬೇಕು. ಮಂತ್ರವನ್ನು ಬಾಯಿಬಿಟ್ಟು ಹೇಳಬೇಕು, ಒಂದು ಕೈ ಖಾಲಿ ಇರಬೇಕು, ಬೆಲೆ ನಮೂದಿಸಿದ ಸಾಮಗ್ರಿ ಚೀಲದಲ್ಲಿ ಇರಲೇಬೇಕು. ‘ವಿಝರ್ಡ್ ತುಂಬಾ ಬಲಶಾಲಿ’ ಎನ್ನುವ ದೂರುಗಳಲ್ಲಿ ಒಳ್ಳೆಯ ಪಾಲು ಕಾನ್ಸಂಟ್ರೇಷನ್ ಸೇವ್ ಮರೆತ ಜಿಎಂಗಳದ್ದು. ಗಾಬ್ಲಿನ್‌ಗಳೂ ಅಷ್ಟೆ, ಫೋಟೊಗೆ ನಿಂತವರ ಹಾಗೆ 20 ಅಡಿ ತ್ರಿಜ್ಯದೊಳಗೆ ಒತ್ತೊತ್ತಾಗಿ ನಿಲ್ಲಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ.

ಈಗ ಆ +2 ಕತ್ತಿಗೆ ಬರೋಣ. ಮೇಲಿನ ಫೈಟರ್‌ಗೆ ಅದು ಸಿಕ್ಕರೆ ತಾಗುವ ಸಾಧ್ಯತೆ 75%, ಹೊಡೆತದ ಸರಾಸರಿ 13, ಸುತ್ತಿಗೆ 20ರ ಆಸುಪಾಸು. ಹಿಂದಿನದಕ್ಕಿಂತ ಮೂರನೇ ಒಂದು ಭಾಗ ಹೆಚ್ಚು, ಕಡಿಮೆಯೇನಲ್ಲ. ಆದರೆ ಬಂಡೆಯ ಎದುರು, ರಾಜಸಭೆಯಲ್ಲಿ, ಮುಚ್ಚಿದ ಬಾಗಿಲ ಮುಂದೆ ಅದರಿಂದ ಆಗುವುದು ಏನೂ ಇಲ್ಲ. ಬದಲಿಗೆ ಗೋಡೆ ಒಡೆಯುವ ಸುತ್ತಿಗೆ ಕೊಡಿ. ಹಾರುವ ಕುದುರೆ ಕೊಡಿ. ಎದುರಾಳಿಯ ನಿಲುವು ನೋಡಿಯೇ ಅದರ ಆರ್ಮರ್ ಕ್ಲಾಸ್, ದುರ್ಬಲ ಸೇವ್ ಹೇಳಬಲ್ಲ ಅನುಭವ ಕೊಡಿ. ಹಳೆಯ ನಿಯಮಗಳಲ್ಲಿ ಒಂಬತ್ತನೇ ಲೆವೆಲ್ ಮುಟ್ಟಿದ ಫೈಟರ್ ಕೋಟೆ ಕಟ್ಟಿ ಸೈನಿಕರನ್ನು ಸೇರಿಸಿಕೊಳ್ಳುತ್ತಿದ್ದ. ವಿಝರ್ಡ್‌ಗೆ ಮಂತ್ರದಿಂದ ಬರುತ್ತಿದ್ದ ಹರವು ಅವನಿಗೆ ನೆಲ ಮತ್ತು ಜನರಿಂದ ಬರುತ್ತಿತ್ತು. ನಂತರದ ಆವೃತ್ತಿಗಳು ಕೋಟೆಯನ್ನು ಕಿತ್ತುಕೊಂಡವು, ಬದಲಿಗೆ ಇನ್ನೊಂದು ಹೊಡೆತ ಕೊಟ್ಟವು. ನನಗೆ ಅದು ನಷ್ಟದ ವ್ಯಾಪಾರವೆಂದೇ ಕಾಣುತ್ತದೆ.

ರಕ್ಷಣೆಯ ಅಂಕಿ ಸಾಲುಗಟ್ಟಿದಾಗ

ಪೆಟ್ಟಿನ ಬೋನಸ್‌ಗಳಿಗಿಂತ ಆರ್ಮರ್ ಕ್ಲಾಸ್‌ನ ಬೋನಸ್‌ಗಳು ಅಪಾಯಕಾರಿ, ಯಾಕೆಂದರೆ ಏರಿದಂತೆಲ್ಲ ಪ್ರತಿ ಅಂಕದ ಬೆಲೆಯೂ ಏರುತ್ತದೆ. +5 ಬೋನಸ್‌ನ ಎದುರಾಳಿ ಆರ್ಮರ್ ಕ್ಲಾಸ್ 16ಕ್ಕೆ 50% ತಾಗಿದರೆ 18ಕ್ಕೆ 40%; ಬೀಳುವ ಪೆಟ್ಟಿನಲ್ಲಿ ಐದನೇ ಒಂದು ಭಾಗ ಕಡಿತ. ಅದೇ ಎರಡು ಅಂಕ 22ರಿಂದ 24ಕ್ಕೆ ಏರಿಸಿದರೆ 20% ಇದ್ದದ್ದು 10% ಆಗುತ್ತದೆ, ಪೆಟ್ಟು ಅರ್ಧಕ್ಕರ್ಧ ಇಳಿಯಿತು. ಪ್ಲೇಟ್ 18, ಶೀಲ್ಡ್ 2, ಎರಡಕ್ಕೂ +1 ಮಾಂತ್ರಿಕ ಬೋನಸ್, ಡಿಫೆನ್ಸ್ ಶೈಲಿಯಿಂದ 1, ರಿಂಗ್ ಆಫ್ ಪ್ರೊಟೆಕ್ಷನ್‌ನಿಂದ 1. ಒಂದೊಂದೂ ಸಣ್ಣದು, ಕೂಡಿದರೆ 24.

ಇಲ್ಲಿ ಜಿಎಂ ಮಾಡುವ ತಪ್ಪು ಒಂದೇ ತರಹದ್ದು. ಆ ಒಬ್ಬರನ್ನು ಮುಟ್ಟಲೆಂದು ಎಲ್ಲ ಎದುರಾಳಿಗಳ ಬೋನಸ್ +10ಕ್ಕೆ ಏರಿಸುತ್ತಾರೆ. ಕವಚಧಾರಿಗೆ ಈಗ 35% ತಾಗುತ್ತದೆ ನಿಜ. ಆರ್ಮರ್ ಕ್ಲಾಸ್ 13ರ ವಿಝರ್ಡ್‌ಗೆ 90%. ಕವಚಧಾರಿಗೆ ಹಾಕಿದ ಗುರಿಗೆ ಪಕ್ಕದವರು ಸಾಯುತ್ತಾರೆ. ಬೋನಸ್ ಮುಟ್ಟದೆ ಬಿಟ್ಟು, ಹತ್ತು ಹೊಡೆತಗಳಲ್ಲಿ ಎರಡೋ ಮೂರೋ ಸೇವ್ ಕೇಳುವಂಥವಾಗಿರಲಿ: ವಿಸ್ಡಮ್, ಸ್ಟ್ರೆಂತ್, ಹಿಡಿದು ಕೆಡಹುವುದು. ಬುದ್ಧಿ ಇರುವ ಎದುರಾಳಿ ಎರಡು ಸುತ್ತು ವ್ಯರ್ಥ ಹೊಡೆದ ಮೇಲೆ ಪಕ್ಕ ಸರಿದು ಮುಂದೆ ಹೋಗಲಿ. ಉಳಿದ ಹೊತ್ತು ಕವಚ ತನ್ನ ಕೆಲಸ ಮಾಡಲಿ ಬಿಡಿ, ಆ ಆಟಗಾರರು ಅದಕ್ಕಾಗಿಯೇ ಅಷ್ಟೆಲ್ಲ ಕೂಡಿಸಿದ್ದು.

ದಾಳ ಬದಲಾದರೆ ಬೋನಸ್‌ನ ಬೆಲೆಯೂ ಬದಲಾಗುತ್ತದೆ ಎನ್ನುವುದನ್ನು ಬೇರೆ ಆಟಗಳಿಂದ ನಿಯಮ ಎರವಲು ತರುವವರು ಮರೆಯಬಾರದು. 1986ರ ಗರ್ಪ್ಸ್ ಎಂಬ ಆಟದಲ್ಲಿ ಮೂರು ಆರು ಮುಖದ ದಾಳ ಎಸೆದು ಕೌಶಲದ ಅಂಕಿಗೆ ಸಮ ಅಥವಾ ಕಡಿಮೆ ಬೀಳಿಸಬೇಕು. ಕೌಶಲ 10ಕ್ಕೆ 50%, 12ಕ್ಕೆ 74%, 14ಕ್ಕೆ 91%, 16ಕ್ಕೆ 98%. ಮೊದಲ ಎರಡು ಅಂಕಕ್ಕೆ 24, ಕೊನೆಯ ಎರಡಕ್ಕೆ ಬರೀ 7. ಇಪ್ಪತ್ತು ಮುಖದ ದಾಳದಲ್ಲಿ ಮಾತ್ರ ಪ್ರತಿ ಅಂಕಕ್ಕೂ ಏಕರೂಪದ 5%.

ಒಂಟಿ ಖಳನಾಯಕ

ನಾಲ್ವರ ಎದುರು ಒಬ್ಬ ದೊಡ್ಡ ಖಳ. ಹಿಟ್ ಪಾಯಿಂಟ್ 200, ತಂಡ ಸುತ್ತಿಗೆ 60 ಕಳೆಯುತ್ತದೆ. ನಾಲ್ಕನೇ ಸುತ್ತಿನಲ್ಲಿ ಆಟ ಮುಗಿಯಿತು. ತಂಡಕ್ಕೆ ಹದಿನಾರು ಸರದಿ, ಖಳನಿಗೆ ನಾಲ್ಕು. ಅಲುಗಾಡದಂತೆ ಹಿಡಿದಿಡುವ ಹೋಲ್ಡ್ ಪರ್ಸನ್ ಮಂತ್ರ ಒಂದು ಸಲ ತಾಗಿದರೂ ಅವನ ಪಾಲಿನ ಕಾಲು ಭಾಗ ಹೋಯಿತು, ಜೊತೆಗೆ ಐದು ಅಡಿಯೊಳಗಿನ ಹೊಡೆತವೆಲ್ಲ ಕ್ರಿಟಿಕಲ್. ಅದಕ್ಕೇ ದೊಡ್ಡ ಎದುರಾಳಿಗಳಿಗೆ ಇತರರ ಸರದಿಯ ಕೊನೆಯಲ್ಲಿ ಬಳಸುವ ಮೂರು ಲೆಜೆಂಡರಿ ಆ್ಯಕ್ಷನ್, ಸೋತ ಸೇವ್ ಗೆದ್ದಂತೆ ಮಾಡುವ ಮೂರು ಲೆಜೆಂಡರಿ ರೆಸಿಸ್ಟೆನ್ಸ್ ಇಟ್ಟದ್ದು. ಹಿಟ್ ಪಾಯಿಂಟ್ ಇಮ್ಮಡಿ ಮಾಡುವುದು ಸುಲಭದ ದಾರಿ, ಕಾಳಗ ಉದ್ದವಾಗುತ್ತದೆಯೇ ಹೊರತು ಕಠಿಣವಾಗುವುದಿಲ್ಲ. ಅದಕ್ಕಿಂತ 200ನ್ನು ಒಡೆಯಿರಿ: ಖಳನಿಗೆ 120, ಇಬ್ಬರು ಬಂಟರಿಗೆ ತಲಾ 40. ಒಟ್ಟು ಅದೇ, ಸರದಿ ಮೂರು ಪಟ್ಟು.

ಗುಂಪಿನ ಬಲ ತಲೆಯೆಣಿಕೆಗಿಂತ ವೇಗವಾಗಿ ಬೆಳೆಯುತ್ತದೆ. 2014ರ ಲೆಕ್ಕದಲ್ಲಿ ಚಾಲೆಂಜ್ ರೇಟಿಂಗ್ (ಎದುರಾಳಿ ಎಷ್ಟು ಕಠಿಣ ಎಂಬ ಅಳತೆ) 1ರ ನಾಲ್ಕು ಎದುರಾಳಿಗಳು ತಲಾ 200 ಅನುಭವ ಅಂಕದಂತೆ 800, ಮೂರರಿಂದ ಆರು ಜನರ ಗುಂಪಿಗೆ ಎರಡರ ಗುಣಕ, ಒಟ್ಟು 1600. ಮೂರನೇ ಲೆವೆಲ್‌ನ ನಾಲ್ವರಿಗೆ ಅದು ಸರಿಯಾಗಿ ‘ಮಾರಕ’ದ ಹೊಸ್ತಿಲು. 2024ರ ಪರಿಷ್ಕರಣೆ ಈ ಗುಣಕವನ್ನೇ ಬಿಟ್ಟಿದೆ. ಲೆಕ್ಕ ಸುಲಭವಾಯಿತು, ದೊಡ್ಡ ಗುಂಪು ಇಳಿಸುವಾಗ ಜಿಎಂ ತಾವೇ ಎಚ್ಚರ ವಹಿಸಬೇಕಾಯಿತು. ನಂಬಿ ಕೂರಬಹುದಾದ ಲೆಕ್ಕ ಬೇಕೆನ್ನುವವರಿಗೆ ಪಾಥ್‌ಫೈಂಡರ್ ಎಂಬ ಆಟದ 2019ರ ಎರಡನೇ ಆವೃತ್ತಿ ಇದೆ. ನಾಲ್ವರಿಗೆ 80 ಅಂಕ ಎಂದರೆ ಮಧ್ಯಮ, 120 ತೀವ್ರ, 160 ವಿಪರೀತ. ತಂಡದ ಲೆವೆಲ್‌ನದೇ ಎದುರಾಳಿ 40, ಎರಡು ಲೆವೆಲ್ ಮೇಲಿನದು 80, ನಾಲ್ಕು ಮೇಲಿನದು ಒಂದೇ 160. ಅಲ್ಲಿ ಲೆವೆಲ್ ನೇರವಾಗಿ ಪ್ರತಿ ಬೋನಸ್‌ಗೂ ಸೇರುವುದರಿಂದ ಈ ಲೆಕ್ಕ ನಿಲ್ಲುತ್ತದೆ. ತಂಡದೊಳಗೇ ಎರಡು ಲೆವೆಲ್‌ನ ಅಂತರ ಬಿಟ್ಟರೆ ಹಿಂದುಳಿದವರ ಪಾಡು ನಾಯಿಪಾಡು ಎನ್ನುವುದೂ ಅದೇ ಕಾರಣಕ್ಕೆ.

ಲೋಕವೇ ಬಲದ ಅಳತೆಗೋಲು

ಸೆಟ್ಟಿಂಗ್, ಅಂದರೆ ಆಟದ ಲೋಕ, ರಚಿಸುವವರು ಈ ಮಾತನ್ನು ಬೇಗ ಯೋಚಿಸುವುದು ಒಳ್ಳೆಯದು: ನಿಮ್ಮ ನಿಯಮಗಳೇ ನಿಮ್ಮ ಲೋಕದ ರಾಜಕೀಯ ಬರೆಯುತ್ತವೆ. ಐದನೇ ಆವೃತ್ತಿಯಲ್ಲಿ (2014) ಪುರಾತನ ಕೆಂಪು ಡ್ರ್ಯಾಗನ್‌ಗೆ ಆರ್ಮರ್ ಕ್ಲಾಸ್ 22, ಹಿಟ್ ಪಾಯಿಂಟ್ 546. +4 ಬೋನಸ್‌ನ ನೂರು ಬಿಲ್ಲುಗಾರರು ಉದ್ದ ಬಿಲ್ಲಿನಿಂದ ಸುತ್ತಿಗೆ ತಲಾ ಒಂದು ಬಾಣ ಬಿಟ್ಟರೆ 15% ತಾಗಿ, ಕ್ರಿಟಿಕಲ್ ಸೇರಿ ಸುಮಾರು 120 ಪೆಟ್ಟು. ಡ್ರ್ಯಾಗನ್‌ನ ಭಯವನ್ನೂ ಬೆಂಕಿಯನ್ನೂ ಬದಿಗಿಟ್ಟರೆ ಐದನೇ ಸುತ್ತಿಗೆ ಅದು ನೆಲಕ್ಕೆ. ಅಂದರೆ ಆ ಲೋಕದಲ್ಲಿ ಶಿಸ್ತಿನ ಸೇನೆ ಇರುವ ರಾಜನಿಗೆ ಬೆಲೆಯಿದೆ, ಇಪ್ಪತ್ತನೇ ಲೆವೆಲ್‌ನ ವೀರನೂ ಸಾವಿರ ಜನರ ಮುಂದೆ ಲೆಕ್ಕ ಹಾಕಿಯೇ ಮಾತಾಡಬೇಕು.

ಪಾಥ್‌ಫೈಂಡರ್ ಎರಡರಲ್ಲಿ ಪುರಾತನ ಕೆಂಪು ಡ್ರ್ಯಾಗನ್‌ನ ಆರ್ಮರ್ ಕ್ಲಾಸ್ 40 ದಾಟುತ್ತದೆ. ಸಾಧಾರಣ ಬಿಲ್ಲುಗಾರನಿಗೆ 20 ಬಿದ್ದರೂ ಅದು ಫಲವನ್ನು ಒಂದು ಹಂತ ಮಾತ್ರ ಮೇಲೆತ್ತುತ್ತದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಅಂತರದಲ್ಲಿ ತಪ್ಪಿದ್ದರೆ ಘೋರ ಸೋಲು ಬರೀ ಸೋಲಾಗುತ್ತದೆ, ಅಷ್ಟೆ. ನೂರಲ್ಲ, ಹತ್ತು ಸಾವಿರ ಬಿಲ್ಲುಗಾರರಿದ್ದರೂ ಡ್ರ್ಯಾಗನ್‌ಗೆ ಗೀರು ಬೀಳದು. ಅಲ್ಲಿ ರಾಜರು ದೊಡ್ಡ ಲೆವೆಲ್‌ನವರ ಮರ್ಜಿಯಲ್ಲಿ ಬದುಕಬೇಕು. ಎರಡೂ ಒಳ್ಳೆಯ ಲೋಕಗಳೇ. ಮೊದಲನೆಯದರ ನಿಯಮ ಇಟ್ಟುಕೊಂಡು ಎರಡನೆಯದರ ಕಥೆ ಹೇಳಹೊರಟಾಗ ಆಟಗಾರರಿಗೆ ಯಾವುದೂ ನಂಬಿಕೆಯಾಗುವುದಿಲ್ಲ.

ಹಾಗಾಗಿ ನಕ್ಷೆ ಬರೆಯುವ ಮುನ್ನ ಒಂದು ಏಣಿ ಬರೆಯಿರಿ. ಈ ಲೋಕದಲ್ಲಿ ಮೂರನೇ ಮಟ್ಟದ ಮಂತ್ರ ಬಲ್ಲವರು ಎಷ್ಟು ಜನ, ಎಲ್ಲಿದ್ದಾರೆ, ಯಾರ ಸೇವೆಯಲ್ಲಿದ್ದಾರೆ? ಐದನೇ ಮಟ್ಟದವರು? ಮೂರನೆಯದರಲ್ಲಿ ಸತ್ತವರನ್ನು ಮಾತಾಡಿಸುವ ಸ್ಪೀಕ್ ವಿತ್ ಡೆಡ್ ಇದೆ, ಕೊಲೆಯ ರಹಸ್ಯಗಳೆಲ್ಲ ಅದರ ಎದುರು ನಿಲ್ಲಬೇಕು. ಕ್ರಿಯೇಟ್ ಫುಡ್ ಆ್ಯಂಡ್ ವಾಟರ್ ದಿನಕ್ಕೆ ಹದಿನೈದು ಜನರ ಹೊಟ್ಟೆ ತುಂಬಿಸುತ್ತದೆ, ಮುತ್ತಿಗೆಯ ಕಥೆಗಳು ಅದರ ಲೆಕ್ಕ ಹಿಡಿಯಬೇಕು. ಐದನೆಯದರಲ್ಲಿ ರೇಸ್ ಡೆಡ್: 500 ಚಿನ್ನದ ನಾಣ್ಯ ಬೆಲೆಯ ವಜ್ರವಿದ್ದರೆ ಸತ್ತ ರಾಜಕುಮಾರ ಎದ್ದು ಕೂರುತ್ತಾನೆ. ಹಾಗಾದರೆ ಪಟ್ಟದ ಹಕ್ಕು ಯಾರದು? ಇಂಥ ಪ್ರಶ್ನೆಗೆ ಉತ್ತರ ಬೇಡವೆನಿಸಿದರೆ ಛಾವಣಿ ತಗ್ಗಿಸಿ. 3.5 ಆವೃತ್ತಿ ಆಡುವವರಲ್ಲಿ ಬಳಕೆಗೆ ಬಂದ ಇ6 ಎಂಬ ರೂಪದಲ್ಲಿ ಆರನೇ ಲೆವೆಲ್ಲೇ ಕೊನೆ, ಆಮೇಲೆ ಪ್ರತಿ 5000 ಅನುಭವ ಅಂಕಕ್ಕೆ ಒಂದು ಫೀಟ್ (ಹೆಚ್ಚುವರಿ ಸಾಮರ್ಥ್ಯ) ಮಾತ್ರ. ಪಾತ್ರ ಅಗಲಕ್ಕೆ ಬೆಳೆಯುತ್ತದೆ, ಎತ್ತರಕ್ಕಲ್ಲ. ಗುಣಾಕಾರ ಶುರುವಾಗುವ ಮುನ್ನವೇ ಬಾಗಿಲು ಹಾಕುವ ಈ ಉಪಾಯದಷ್ಟು ಅಗ್ಗದ ಮದ್ದು ಇನ್ನೊಂದಿಲ್ಲ.

ಬಲ ಸಮವಾಗಿರಲೇಬೇಕೆಂಬ ಹಟವನ್ನೇ ಬಿಟ್ಟ ಆಟಗಳೂ ಇವೆ. 1987ರ ಆರ್ಸ್ ಮ್ಯಾಜಿಕಾದಲ್ಲಿ ಮಾಂತ್ರಿಕರು ಉಳಿದವರಿಗಿಂತ ಬಹಳ ಮೇಲು, ಅದನ್ನು ಮುಚ್ಚಿಡುವ ಪ್ರಯತ್ನವೂ ಇಲ್ಲ. ಪ್ರತಿಯೊಬ್ಬರಿಗೂ ಒಬ್ಬ ಮಾಂತ್ರಿಕ, ಒಬ್ಬ ಸಂಗಾತಿ, ಜೊತೆಗೆ ಎಲ್ಲರೂ ಹಂಚಿಕೊಳ್ಳುವ ಕಾಲಾಳುಗಳು. ಸರದಿಯ ಮೇಲೆ ಪಾತ್ರ ಬದಲಾಗುತ್ತದೆ. ಮ್ಯೂಟಂಟ್ಸ್ ಆ್ಯಂಡ್ ಮಾಸ್ಟರ್‌ಮೈಂಡ್ಸ್ ಇನ್ನೊಂದು ತುದಿ: ಪವರ್ ಲೆವೆಲ್ 10 ಎಂದರೆ ಹೊಡೆತದ ಬೋನಸ್ ಮತ್ತು ಅದರ ತೀವ್ರತೆ ಕೂಡಿ 20 ಮೀರುವಂತಿಲ್ಲ. ನಿಖರತೆ ಹೆಚ್ಚಿಸಿಕೊಂಡವರು ಬಲ ಬಿಡಬೇಕು. ಅಂಕ ಕೊಟ್ಟು ಕೊಳ್ಳುವ ಯಾವ ಪದ್ಧತಿಗೂ ಇಂಥದ್ದೊಂದು ಮೇಲ್ಮಿತಿ ಬೇಕೇ ಬೇಕು. ಒಟ್ಟು ಅಂಕ ಸಮ ಎಂದ ಮಾತ್ರಕ್ಕೆ ಬಲ ಸಮವಾಗುವುದಿಲ್ಲ, ಎಲ್ಲವನ್ನೂ ಒಂದೇ ಕಡೆ ಸುರಿಯುವವರು ಇದ್ದೇ ಇರುತ್ತಾರೆ.

ನಡುವೆ ತಿದ್ದುವುದು

ಸ್ವಂತ ಕ್ಲಾಸ್ ರಚಿಸಿದ್ದೀರಿ ಎಂದಾದರೆ ಲೆವೆಲ್ 1, 5, 11, 17ರಲ್ಲಿ ಅದರ ಸುತ್ತಿನ ಸರಾಸರಿಯನ್ನು ಆರ್ಮರ್ ಕ್ಲಾಸ್ 13, 15, 17, 19ರ ಎದುರು ಲೆಕ್ಕ ಹಾಕಿ, ಅದೇ ಲೆವೆಲ್‌ನ ಸಾದಾ ಫೈಟರ್ ಜೊತೆ ಹೋಲಿಸಿ. ಒಂದು ಕಾಳಗದ ದಿನಕ್ಕೊಮ್ಮೆ, ಐದು ಕಾಳಗದ ದಿನಕ್ಕೊಮ್ಮೆ. ಎರಡೂ ದಿನ ಫೈಟರ್‌ನನ್ನು ಮೀರಿಸುವ ಕ್ಲಾಸ್‌ಗೆ ಕಾಳಗದ ಹೊರಗೆ ಹೆಚ್ಚೇನೂ ಇರಬಾರದು. ನಾಲ್ಕು ದಾಳ ಎಸೆದು ಚಿಕ್ಕದನ್ನು ಬಿಡುವ ಪದ್ಧತಿಯಲ್ಲಿ ಗುಣಾಂಕ (ಸ್ಟ್ರೆಂತ್‌ನಂಥ ಅಂಕಿಗಳು) ಆರಿಸಿದ ತಂಡದಲ್ಲಂತೂ ಕ್ಲಾಸ್ ದೂರುವ ಮೊದಲು ಗುಣಾಂಕ ನೋಡಿ. ಮೊದಲು ಹಾಕಿದ ಗ್ರೇಟ್‌ಸ್ವೋರ್ಡ್ ಲೆಕ್ಕದಲ್ಲೇ, ಕ್ರಿಟಿಕಲ್ ಬಿಟ್ಟು, ಸ್ಟ್ರೆಂತ್ 18 ಇರುವವರಿಗೆ ಹೊಡೆತಕ್ಕೆ ಸರಾಸರಿ 7.15, 14 ಇರುವವರಿಗೆ 4.95. ಮೂವತ್ತು ಶೇಕಡಾ ಕಡಿಮೆ, ಅದೂ ಇಡೀ ಕ್ಯಾಂಪೇನ್ ಉದ್ದಕ್ಕೂ.

ಆಟ ನಡೆಯುತ್ತಿರುವಾಗ ಅಳೆಯುವುದಕ್ಕೆ ಪೆಟ್ಟಿನ ಲೆಕ್ಕ ಸಾಲದು. ಎರಡು ಮೂರು ಸೆಷನ್ ಒಂದು ಹಾಳೆ ಇಟ್ಟುಕೊಂಡು, ಪ್ರತಿ ಮುಖ್ಯ ಅಡಚಣೆಗೂ ಬರೆಯಿರಿ: ಯಾರ ನಿರ್ಧಾರದಿಂದ ಅದು ಬಗೆಹರಿಯಿತು, ಏನು ಖರ್ಚಾಯಿತು, ದಾಳ ಎಸೆದರೇ ಇಲ್ಲವೇ. ಒಬ್ಬರ ಹೆಸರೇ ಅರ್ಧಕ್ಕಿಂತ ಹೆಚ್ಚು ಸಾಲಿನಲ್ಲಿ ಬಂದರೆ, ಅದರಲ್ಲೂ ಖರ್ಚಿನ ಕಾಲಂ ಖಾಲಿ ಇದ್ದರೆ, ತಿದ್ದಬೇಕಾದ್ದು ಎಲ್ಲಿದೆ ಎಂದು ಗೊತ್ತಾಯಿತು. ಕೆಲವೊಮ್ಮೆ ಆ ಹೆಸರು ವಿಝರ್ಡ್‌ನದ್ದೇ ಆಗಿರುವುದಿಲ್ಲ, ಎಲ್ಲರಿಗಿಂತ ಮೊದಲು ಬಾಯಿ ತೆರೆಯುವ ಆಟಗಾರರದ್ದಾಗಿರುತ್ತದೆ. ಅದಕ್ಕೆ ಯಾವ ನಿಯಮ ತಿದ್ದುಪಡಿಯೂ ನಾಟುವುದಿಲ್ಲ, ‘ಈಗ ನೀವು ಏನು ಮಾಡುತ್ತೀರಿ?’ ಎಂದು ಸುಮ್ಮನಿರುವವರನ್ನು ಮೊದಲು ಕೇಳಬೇಕು.

ಕೊಟ್ಟದ್ದನ್ನು ವಾಪಸ್ ಪಡೆಯುವ ಕೆಲಸ ಬಂದಾಗ ಕಥೆಯೊಳಗಿಂದ ಕಸಿಯಬೇಡಿ. ಕಳ್ಳರು ಬಂದು ಆ ಒಂದೇ ಕತ್ತಿ ಕದ್ದರು, ಮಂತ್ರ ನಡೆಯದ ಬಯಲು ಆ ಒಂದೇ ವಾರ ಎದುರಾಯಿತು ಎಂದರೆ ಯಾರೂ ಮೋಸಹೋಗುವುದಿಲ್ಲ. ಆಟದ ಹೊರಗೆ, ಆ ಆಟಗಾರರೊಂದಿಗೆ ಮೊದಲು ಒಂಟಿಯಾಗಿ, ಆಮೇಲೆ ಎಲ್ಲರ ಮುಂದೆ ಹೇಳಿ: ಇದು ಅಂದುಕೊಂಡದ್ದಕ್ಕಿಂತ ಬಲವಾಗಿದೆ, ಮುಂದಿನ ಲೆವೆಲ್‌ನಿಂದ ಹೀಗೆ ಬದಲಾಗುತ್ತದೆ. ಬದಲಾವಣೆ ಸೆಷನ್‌ನ ಮಧ್ಯದಲ್ಲಿ ಬೇಡ. ಆ ಶಕ್ತಿಯನ್ನು ನಂಬಿ ಅವರು ಆರಿಸಿಕೊಂಡ ಫೀಟ್, ಮಂತ್ರ, ಗುಣಾಂಕಗಳನ್ನು ಯಾವ ಶುಲ್ಕವೂ ಇಲ್ಲದೆ ಮತ್ತೆ ಆರಿಸಿಕೊಳ್ಳಲು ಬಿಡಿ. ಆ ವಸ್ತುವಿಗಾಗಿ ಚಿನ್ನ ಖರ್ಚು ಮಾಡಿದ್ದರೆ ಅದನ್ನೂ ಪೂರ್ತಿ ಹಿಂತಿರುಗಿಸಿ.